15 ಸಾವಿರದ ಪುಟ್ಟ ಲ್ಯಾಪ್‌ಟಾಪ್, ಅದರಲ್ಲೊಂದು ಲಿನಕ್ಸ್: ನಂಬಿ ದುಡ್ಡು ಹಾಕಬಹುದಾ?

ಬಸ್ಸಲ್ಲಿ ಇಯರ್‌ಫೋನ್ ಇಲ್ಲದವರಿಗೆ, ಕೇಳಿದ ಮೇಲೆ ಹೆಸರು, ನಂಬರ್‌ಗಳನ್ನ ಇನ್ನೊಮ್ಮೆ ನೋಡ್ಕೋಬೇಕು ಅನ್ನೋರಿಗೆ ಇಡೀ ಮಾತು ಇಲ್ಲಿ ಬರಹದಲ್ಲಿದೆ.

ಕಾಲೇಜು ಶುರುವಾಗೋ ಹೊತ್ತಿಗೆ ನನಗೆ ತಪ್ಪದೆ ಬರೋ ಪ್ರಶ್ನೆ ಒಂದಿದೆ. "ಮನೇಲಿ 15 ಸಾವಿರ ಕೊಡ್ತೀವಿ ಅಂದಿದ್ದಾರೆ. ಆನ್‌ಲೈನ್‌ನಲ್ಲಿ 11 ಇಂಚಿನ ಲ್ಯಾಪ್‌ಟಾಪ್ ಸಿಗ್ತಿದೆ. ವಿಂಡೋಸ್ ತುಂಬಾ ಸ್ಲೋ ಅಂತ ರಿವ್ಯೂನಲ್ಲಿ ಬರೆದಿದ್ದಾರೆ. ಲಿನಕ್ಸ್ ಹಾಕ್ಕೊಂಡ್ರೆ ನಡೆಯುತ್ತಾ? ಡಿಗ್ರಿ ಮುಗಿಯೋವರೆಗೆ ಬರುತ್ತಾ?"

ಗಮನಿಸಿ, ಇದರಲ್ಲಿ ಎರಡು ಪ್ರಶ್ನೆ ಇವೆ. ಲಿನಕ್ಸ್ ಓಡುತ್ತಾ ಅನ್ನೋದು ಒಂದು. ಯಂತ್ರ ಬಾಳಿಕೆ ಬರುತ್ತಾ ಅನ್ನೋದು ಇನ್ನೊಂದು. ಮೊದಲನೇದಕ್ಕೆ ಉತ್ತರ ಬಹುತೇಕ "ಹೌದು". ಎರಡನೇದಕ್ಕೆ ಉತ್ತರ ಕಂಪನಿಯ ಹೆಸರಿನಲ್ಲಿ ಇಲ್ಲ, ಆಪರೇಟಿಂಗ್ ಸಿಸ್ಟಂನಲ್ಲೂ ಇಲ್ಲ. ಒಳಗಿರೋ ಭಾಗಗಳಲ್ಲಿ ಯಾವುದನ್ನ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿದ್ದಾರೆ, ಯಾವುದನ್ನ ಬದಲಾಯಿಸೋಕೆ ಬಿಟ್ಟಿದ್ದಾರೆ ಅನ್ನೋದರಲ್ಲಿ ಇದೆ. ಇವತ್ತು ಇದನ್ನೇ ಬಿಡಿಸಿ ಹೇಳ್ತೀನಿ. 15 ಸಾವಿರ ಅನ್ನೋದು ಎಷ್ಟೋ ಮನೆಗಳಲ್ಲಿ ಒಂದು ಸಲ ಮಾತ್ರ ಕೊಡೋಕೆ ಆಗೋ ದುಡ್ಡು. ಅದು ಆರು ತಿಂಗಳಿಗೆ ಕಪಾಟು ಸೇರಬಾರದು.

ನೆಟ್‌ಬುಕ್ ಹುಟ್ಟಿದ್ದೇ ಲಿನಕ್ಸ್ ಜೊತೆ

ಸ್ವಲ್ಪ ಹಿಂದಕ್ಕೆ ಹೋಗೋಣ. 2007ರಲ್ಲಿ ತೈವಾನ್‌ನ ಆಸುಸ್ ಕಂಪನಿ "ಈ ಪಿಸಿ 701" ಅಂತ ಒಂದು ಪುಟ್ಟ ಯಂತ್ರ ತಂತು. 7 ಇಂಚಿನ ಪರದೆ, 512 ಎಂಬಿ ರ‍್ಯಾಮ್, ಬರೀ 4 ಜಿಬಿ ಸ್ಟೋರೇಜ್. ಇಷ್ಟು ಚಿಕ್ಕ ಜಾಗದಲ್ಲಿ ಆಗಿನ ಕಾಲದ ವಿಂಡೋಸ್ ವಿಸ್ತಾ ಕೂರೋಕೆ ಸಾಧ್ಯನೇ ಇರ್ಲಿಲ್ಲ. ಹಾಗಾಗಿ ಅದು ಅಂಗಡಿಗೆ ಬಂದಿದ್ದೇ ಕ್ಸಾಂಡ್ರೋಸ್ ಅನ್ನೋ ಲಿನಕ್ಸ್ ಜೊತೆ. ಮರುವರ್ಷ ಏಸರ್ ಕಂಪನಿಯ ಆಸ್ಪೈರ್ ಒನ್ ಬಂತು, ಅದರ ಒಂದು ಮಾದರಿಯಲ್ಲಿ ಲಿನ್‌ಪಸ್ ಅನ್ನೋ ಲಿನಕ್ಸ್. ಅದೇ 2008ರಲ್ಲಿ ಮೈಕ್ರೋಸಾಫ್ಟ್, ಇಂಥ ಅಗ್ಗದ ಯಂತ್ರಗಳಿಗೆ ಹಳೆಯ ಎಕ್ಸ್‌ಪಿಯನ್ನ ಇನ್ನೂ ಕೆಲವು ವರ್ಷ ಮಾರೋಕೆ ಒಪ್ಪಿಕೊಳ್ತು. ನೆಟ್‌ಬುಕ್ ಮಾರುಕಟ್ಟೆಯ ಬಹುಪಾಲು ಅತ್ತ ವಾಲಿತು. 2010ರಲ್ಲಿ ಐಪ್ಯಾಡ್ ಬಂತು, ಆಮೇಲೆ ಅಗ್ಗದ ಟ್ಯಾಬ್ಲೆಟ್‌ಗಳು ಬಂದವು. 2013ರ ಹೊತ್ತಿಗೆ "ನೆಟ್‌ಬುಕ್" ಅನ್ನೋ ಹೆಸರೇ ಹೆಚ್ಚೂಕಡಿಮೆ ಮರೆಯಾಯ್ತು.

ಹೆಸರು ಹೋಯ್ತು, ಜಾತಿ ಹೋಗ್ಲಿಲ್ಲ. ಇವತ್ತು 11 ಇಂಚಿಂದ 14 ಇಂಚಿನವರೆಗೆ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಅಂತ ಬರೆದು "ಸ್ಟೂಡೆಂಟ್ ಲ್ಯಾಪ್‌ಟಾಪ್" ಅಂತ ಮಾರ್ತಾರಲ್ಲ, ಅದು ನೆಟ್‌ಬುಕ್‌ನ ಮೊಮ್ಮಗುವೇ.

ಕೆಡೋದು ಎಲ್ಲಿ?

ಅಗ್ಗದ ಲ್ಯಾಪ್‌ಟಾಪ್ ಅಂದ ಕೂಡ್ಲೇ "ಪ್ರೊಸೆಸರ್ ವೀಕ್" ಅಂತಾರೆ. ಪ್ರೊಸೆಸರ್ ನಿಧಾನ ಇರಬಹುದು, ಆದ್ರೆ ಅದು ಕೆಡೋದು ತುಂಬಾ ಅಪರೂಪ. ಮೊದಲು ಕೈಕೊಡೋದು ಬೇರೆ ಜಾಗಗಳು.

ಮೊದಲನೇದು ಸ್ಟೋರೇಜ್. ಈ ಬೆಲೆಯ ಬಹಳಷ್ಟು ಯಂತ್ರಗಳಲ್ಲಿ ಎಸ್‌ಎಸ್‌ಡಿ ಇರಲ್ಲ, ಇಎಂಎಂಸಿ ಇರುತ್ತೆ. ಅಗ್ಗದ ಫೋನ್‌ಗಳಲ್ಲಿ ಇರೋ ಚಿಪ್ಪಿನ ಜಾತಿಯೇ ಇದು. ಇದನ್ನ ನೇರವಾಗಿ ಬೋರ್ಡ್ ಮೇಲೆ ಬೆಸುಗೆ ಹಾಕಿರ್ತಾರೆ. ಫ್ಲಾಶ್ ಚಿಪ್ಪಿನ ಪ್ರತಿ ಕೋಶಕ್ಕೂ ಇಷ್ಟು ಸಲ ಬರೆದು ಅಳಿಸಬಹುದು ಅಂತ ಮಿತಿ ಇದೆ. 32 ಜಿಬಿಯ ಚಿಪ್ಪಿಗೆ ಸವೆತವನ್ನ ಹಂಚಿಕೊಳ್ಳೋಕೆ ಕೋಶಗಳೇ ಕಡಿಮೆ, ಹಾಗಾಗಿ ಅದು ಬೇಗ ಸವೆಯುತ್ತೆ. ಎಸ್‌ಎಸ್‌ಡಿ ಸತ್ರೆ ಎರಡು ಸ್ಕ್ರೂ ಬಿಚ್ಚಿ ಹೊಸದು ಹಾಕಬಹುದು. ಇಎಂಎಂಸಿ ಸತ್ರೆ ಚಿಪ್ ಮಟ್ಟದ ರಿಪೇರಿ ಬೇಕು, ಇಲ್ಲ ಬೋರ್ಡೇ ಬದಲಾಯಿಸಬೇಕು. ಇಷ್ಟು ಅಗ್ಗದ ಯಂತ್ರಕ್ಕೆ ಆ ಖರ್ಚು ಗಿಟ್ಟಲ್ಲ.

ಎರಡನೇದು ರ‍್ಯಾಮ್. ಇದೂ ಬೆಸುಗೆ ಹಾಕಿದ್ರೆ, ಕೊಂಡ ದಿನ ಎಷ್ಟಿತ್ತೋ ಕೊನೇ ದಿನವೂ ಅಷ್ಟೇ. ಈ ಎರಡೂ ಸೇರಿದಾಗ ಏನಾಗುತ್ತೆ ನೋಡಿ. ರ‍್ಯಾಮ್ ಸಾಲದೆ ಇದ್ದಾಗ ಸಿಸ್ಟಂ ಅದರಲ್ಲಿದ್ದ ಮಾಹಿತಿಯನ್ನ ಸ್ಟೋರೇಜ್‌ಗೆ ತಳ್ಳುತ್ತೆ, ಬೇಕಾದಾಗ ವಾಪಸ್ ಎಳೆಯುತ್ತೆ. ಇದಕ್ಕೆ ಸ್ವಾಪ್ ಅಂತ ಹೆಸರು. ಅಂದ್ರೆ 2 ಜಿಬಿ ರ‍್ಯಾಮ್ ಇರೋ ಯಂತ್ರ ದಿನವಿಡೀ ಇಎಂಎಂಸಿ ಮೇಲೆ ಬರೀತಾನೇ ಇರುತ್ತೆ. ಬಳಸೋರಿಗೆ ಕಾಣೋದು "ಹ್ಯಾಂಗ್". ಒಳಗೆ ಆಗ್ತಿರೋದು ಸವೆತ. ಹಾಗಾಗಿ 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಅಂತ ಕಂಡ್ರೆ ಎಷ್ಟೇ ಅಗ್ಗ ಇದ್ರೂ ಮುಂದಕ್ಕೆ ಹೋಗಿ ಅಂತೀನಿ.

ಮೂರನೇದು ಹೊರಗಿನ ಭಾಗಗಳು: ಚಾರ್ಜರ್ ಪಿನ್, ಹಿಂಜ್, ಬ್ಯಾಟರಿ. ಅಗ್ಗದ ಪ್ಲಾಸ್ಟಿಕ್ ಮೈಯಲ್ಲಿ ಹಿಂಜ್‌ನ ಸ್ಕ್ರೂ ಕೂತಿರೋ ಜಾಗ ಮೊದಲು ಬಿರುಕು ಬಿಡುತ್ತೆ. ಒಂದು ಮೂಲೆ ಹಿಡಿದು ಮುಚ್ಚಳ ಎತ್ತೋ ಅಭ್ಯಾಸ ಇದ್ರೆ ಇನ್ನೂ ಬೇಗ. ಇವುಗಳಿಗೆ ಲಿನಕ್ಸ್ ಏನೂ ಮಾಡೋಕಾಗಲ್ಲ.

ಸ್ಟೋರೇಜ್ ವಿಷಯದಲ್ಲಿ ಮಾತ್ರ ಮಾಡುತ್ತೆ. ಹಗುರವಾದ ಲಿನಕ್ಸ್ ಕಡಿಮೆ ರ‍್ಯಾಮ್ ಕೇಳುತ್ತೆ, ಸ್ವಾಪ್ ಕಡಿಮೆ ಆಗುತ್ತೆ, ಸವೆತ ಕಡಿಮೆ ಆಗುತ್ತೆ. ಝಡ್‌ರ‍್ಯಾಮ್ ಅನ್ನೋ ಒಂದು ವ್ಯವಸ್ಥೆಯೂ ಲಿನಕ್ಸ್‌ನಲ್ಲಿದೆ. ಅದು ಮಾಹಿತಿಯನ್ನ ಸ್ಟೋರೇಜ್‌ಗೆ ತಳ್ಳೋ ಬದಲು ರ‍್ಯಾಮ್ ಒಳಗೇ ಹಿಂಡಿ ಚಿಕ್ಕದು ಮಾಡಿ ಇಡುತ್ತೆ. ಫೆಡೋರಾದಲ್ಲಿ 2020ರಿಂದ ಇದು ತಾನಾಗೇ ಚಾಲೂ ಇರುತ್ತೆ. ಡೆಬಿಯನ್‌ನಲ್ಲಿ ಒಂದು ಚಿಕ್ಕ ಪ್ಯಾಕೇಜ್ ಹಾಕ್ಕೊಂಡ್ರೆ ಆಯ್ತು. ಇಎಂಎಂಸಿ ಇರೋ ಯಂತ್ರದಲ್ಲಿ ನಾನು ಲಿನಕ್ಸ್ ಹಾಕಿದ ಮೇಲೆ ಮಾಡೋ ಮೊದಲ ಕೆಲಸ ಇದೇ.

ಚಿಪ್ಪಿನ ಹೆಸರು ಓದಿ

ಈಗ ಲಿನಕ್ಸ್ ಓಡುತ್ತಾ ಅನ್ನೋ ಪ್ರಶ್ನೆ. ಇದಕ್ಕೆ ಲ್ಯಾಪ್‌ಟಾಪ್ ಹೆಸರಿಗಿಂತ ಪ್ರೊಸೆಸರ್ ಹೆಸರು ಮುಖ್ಯ. ಸೆಕೆಂಡ್ ಹ್ಯಾಂಡ್ ನೋಡ್ತಿರೋರು ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಆಟಂ ಎನ್270: 2008ರ ಕಾಲದ್ದು. ಇದು 32 ಬಿಟ್ ಮಾತ್ರ. ಲಿನಕ್ಸ್ ಲೋಕವೇ 32 ಬಿಟ್ ಯಂತ್ರಗಳನ್ನ ಬಿಟ್ಟು ಹೋಗ್ತಿದೆ. ಕ್ರೋಮ್ 2016ರಲ್ಲೇ ಕೈಬಿಟ್ಟಿತು, 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಯಾರಾದ್ರೂ ಪುಕ್ಕಟೆ ಕೊಟ್ರೆ ಟೈಪಿಂಗ್ ಕಲಿಯೋಕೆ ಇಟ್ಕೊಳ್ಳಿ, ದುಡ್ಡು ಕೊಡಬೇಡಿ.

ಆಟಂ ಎನ್2600 ಮತ್ತು ಅದರ ಅಣ್ಣತಮ್ಮಂದಿರು: ಇವುಗಳ ಗ್ರಾಫಿಕ್ಸ್ ಭಾಗ ಇಂಟೆಲ್‌ನದ್ದಲ್ಲ, ಪವರ್‌ವಿಆರ್ ಅನ್ನೋ ಬೇರೆ ಕಂಪನಿಯ ವಿನ್ಯಾಸ. ಅದಕ್ಕೆ ಲಿನಕ್ಸ್‌ನಲ್ಲಿ ಸರಿಯಾದ ಡ್ರೈವರ್ ಬರಲೇ ಇಲ್ಲ. ವಿಡಿಯೋ ತಡವರಿಸುತ್ತೆ. ಬೇಡ.

ಆಟಂ ಝಡ್3735ಎಫ್: 2014ರ ಆಸುಪಾಸಿನ, ಕೀಬೋರ್ಡ್ ಕಳಚೋ ಟ್ಯಾಬ್ಲೆಟ್‌ಗಳಲ್ಲಿ ಇರುತ್ತೆ. ಪ್ರೊಸೆಸರ್ 64 ಬಿಟ್, ಆದ್ರೆ ಅದನ್ನ ಎಬ್ಬಿಸೋ ಯುಇಎಫ್‌ಐ 32 ಬಿಟ್. ಈ ಎಡವಟ್ಟಿನಿಂದ ಎಷ್ಟೋ ಲಿನಕ್ಸ್ ಪೆನ್‌ಡ್ರೈವ್‌ಗಳು ಬೂಟೇ ಆಗಲ್ಲ. ಇದರ ಜೊತೆಗೆ, ಈ ಪೀಳಿಗೆಯ ಚಿಪ್‌ಗಳಲ್ಲಿ ವಿದ್ಯುತ್ ಉಳಿಸೋ ನಿದ್ದೆಯ ಸ್ಥಿತಿಗೆ ಹೋದಾಗ ಯಂತ್ರ ಹೆಪ್ಪುಗಟ್ಟೋ ತೊಂದರೆ ಲಿನಕ್ಸ್‌ನಲ್ಲಿ ಬಹಳ ಕಾಲ ಇತ್ತು. ಹವ್ಯಾಸಕ್ಕೆ ಸರಿ, ಓದಿಗೆ ಅಲ್ಲ.

ಸೆಲೆರಾನ್ ಎನ್3350: ಇದು ಸ್ವಾರಸ್ಯದ ಜಾಗ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಒಪ್ಪಿಕೊಳ್ಳೋ ಪ್ರೊಸೆಸರ್ ಪಟ್ಟಿಯಲ್ಲಿ ಎನ್3350 ಇಲ್ಲ. ಹಾಗಾಗಿ ಇಂಥ ಯಂತ್ರಗಳನ್ನ ಕಡಿಮೆ ಬೆಲೆಗೆ ಕೈಬಿಡೋರು ಸಿಗ್ತಾರೆ. ಲಿನಕ್ಸ್‌ಗೆ ಮಾತ್ರ ಇದು ಒಗ್ಗುತ್ತೆ. ಇಂಟೆಲ್‌ನದ್ದೇ ಗ್ರಾಫಿಕ್ಸ್, ಡ್ರೈವರ್ ಕರ್ನಲ್ ಒಳಗೇ ಇದೆ, ಯೂಟ್ಯೂಬ್ ಬಳಸೋ ವಿಪಿ9 ವಿಡಿಯೋವನ್ನ ಚಿಪ್ಪೇ ಬಿಡಿಸುತ್ತೆ.

ಸೆಲೆರಾನ್ ಎನ್4020: ಇದಕ್ಕೂ ಲಿನಕ್ಸ್ ಬೆಂಬಲ ಚೆನ್ನಾಗಿದೆ. ಇನ್ನು 2023ರಲ್ಲಿ ಬಂದ ಎನ್100 ಸಿಕ್ಕಿದ್ರೆ ಅದು ಬೇರೆಯೇ ಮಟ್ಟ. ನಾಲ್ಕು ಕೋರ್, ದಿನದ ಕೆಲಸಕ್ಕೆ ಧಾರಾಳ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಎಆರ್‌ಎಂ ಪ್ರೊಸೆಸರ್ ಯಂತ್ರಗಳು. 2023ರ ಜುಲೈ ಕೊನೆಗೆ 16,499 ರೂಪಾಯಿಗೆ ಬಂದ ಜಿಯೋಬುಕ್‌ನಲ್ಲಿ ಮೀಡಿಯಾಟೆಕ್ ಚಿಪ್ ಇತ್ತು. ಸಾಮಾನ್ಯ ಪಿಸಿಗೆ ಅಂತ ತಯಾರಾದ ಉಬುಂಟು, ಮಿಂಟ್ ಫೈಲ್‌ಗಳು ಅಂಥ ಚಿಪ್ ಮೇಲೆ ಬೂಟ್ ಆಗಲ್ಲ. ಅದರ ಜೊತೆ ಬಂದ ಸಿಸ್ಟಂ ಸಾಕು ಅಂದ್ರೆ ಮಾತ್ರ ತಗೊಳ್ಳಿ. ಎರಡು, ಕ್ರೋಮ್‌ಬುಕ್. ಅದನ್ನ ಒಡೆದು ಬೇರೆ ಲಿನಕ್ಸ್ ಹಾಕೋ ಸಾಹಸ ಬೇಕಿಲ್ಲ. ಹೆಚ್ಚಿನವುಗಳಲ್ಲಿ ಸೆಟ್ಟಿಂಗ್ಸ್‌ನಲ್ಲೇ ಲಿನಕ್ಸ್ ಆನ್ ಮಾಡೋ ಆಯ್ಕೆ ಇದೆ, ಒಳಗೊಂದು ಡೆಬಿಯನ್ ಬಂದು ಕೂರುತ್ತೆ. ಆದ್ರೆ ಕೊಳ್ಳೋ ಮೊದಲು ಆ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ನೋಡಿ. ಪ್ರತಿ ಮಾದರಿಗೂ ಗೂಗಲ್ ಒಂದು ಕೊನೆಯ ದಿನಾಂಕ ಕೊಟ್ಟಿರುತ್ತೆ.

"ಇದೆಲ್ಲಾ ಕಂಪ್ಯೂಟರ್ ಹುಚ್ಚರಿಗೆ" ಅಂತ ಅನಿಸಿದ್ರೆ ಪಕ್ಕದ ರಾಜ್ಯ ನೋಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲೀತಿದ್ದಾರೆ.

4 ಜಿಬಿಯಲ್ಲಿ ಏನೇನು ನಡೆಯುತ್ತೆ

ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಲುಬುಂಟು, ಎಂಎಕ್ಸ್ ಲಿನಕ್ಸ್: ಹೊಸಬರು ಈ ಮೂರರಲ್ಲಿ ಒಂದನ್ನ ಹಿಡಿದ್ರೆ ಸಾಕು. ಮಿಂಟ್‌ನವರು ಹೇಳೋ ಲೆಕ್ಕ ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿ ಬೇಕಂದ್ರೆ 4 ಜಿಬಿ, ಜೊತೆಗೆ ಕನಿಷ್ಠ 20 ಜಿಬಿ ಜಾಗ.

ಆದ್ರೆ ರ‍್ಯಾಮ್ ತಿನ್ನೋದು ಸಿಸ್ಟಂಗಿಂತ ಹೆಚ್ಚಾಗಿ ಬ್ರೌಸರ್. ಲಿನಕ್ಸ್ ಹಾಕಿದ ತಕ್ಷಣ ವೆಬ್‌ಸೈಟ್‌ಗಳು ತೂಕ ಇಳಿಸಿಕೊಳ್ಳಲ್ಲ. 4 ಜಿಬಿಯಲ್ಲಿ ಐದಾರು ಟ್ಯಾಬ್, ಒಂದು ಲಿಬ್ರೆ ಆಫೀಸ್ ಫೈಲ್ ಆರಾಮಾಗಿ ನಡೆಯುತ್ತೆ. ಪೈಥಾನ್, ಸಿ, ಮೈಎಸ್‌ಕ್ಯೂಎಲ್ ಲ್ಯಾಬ್ ಪ್ರೋಗ್ರಾಂಗಳಿಗೂ ತೊಂದರೆ ಇಲ್ಲ. ಇಪ್ಪತ್ತು ಟ್ಯಾಬ್ ತೆಗೆದು ಪಕ್ಕದಲ್ಲಿ ವಿಡಿಯೋ ಮೀಟಿಂಗ್ ಅಂದ್ರೆ ಮತ್ತೆ ಸ್ವಾಪ್, ಮತ್ತೆ ಸವೆತ. ಆಂಡ್ರಾಯ್ಡ್ ಸ್ಟುಡಿಯೋ ಕಲೀಬೇಕಂದ್ರೆ 8 ಜಿಬಿಗಿಂತ ಕಡಿಮೆ ನೋಡಲೇಬೇಡಿ.

ಅಂಗಡಿಯಲ್ಲಿ 10 ನಿಮಿಷ

ಇದು ಈ ಸಂಚಿಕೆಯ ಮುಖ್ಯ ಭಾಗ. ಲಿನಕ್ಸ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ: ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್ ಸಾಕು. ಮನೇಲಿ ಬೇರೆ ಕಂಪ್ಯೂಟರ್ ಇಲ್ವಾ? ಫೋನ್‌ನಲ್ಲೇ ಲಿನಕ್ಸ್ ಫೈಲ್ ಡೌನ್‌ಲೋಡ್ ಮಾಡಿ, ಒಟಿಜಿ ಕೇಬಲ್ ಹಾಕಿ, ಎಚ್‌ಡ್ರಾಯ್ಡ್ ಅನ್ನೋ ಆಪ್‌ನಿಂದ ಪೆನ್‌ಡ್ರೈವ್‌ಗೆ ಬರೀಬಹುದು. ರೂಟ್ ಮಾಡೋದು ಬೇಕಿಲ್ಲ.

ಅಂಗಡಿಯವರ ಒಪ್ಪಿಗೆ ಕೇಳಿ, ಪೆನ್‌ಡ್ರೈವ್ ಹಾಕಿ ಆನ್ ಮಾಡಿ. ಬೂಟ್ ಮೆನುಗೆ ಸಾಮಾನ್ಯವಾಗಿ ಎಚ್‌ಪಿಯಲ್ಲಿ ಎಫ್9, ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಆಸುಸ್‌ನಲ್ಲಿ ಎಸ್ಕೇಪ್. ಡೆಸ್ಕ್‌ಟಾಪ್ ಬಂದ ಮೇಲೆ ಈ ಕ್ರಮದಲ್ಲಿ ನೋಡಿ.

ವೈಫೈ: ನಿಮ್ಮ ಫೋನ್‌ನ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿ. ಇಂಟೆಲ್ ವೈಫೈ ಚಿಪ್ ಇದ್ರೆ ಬಹುತೇಕ ತಾನಾಗೇ ಹಿಡಿಯುತ್ತೆ. ಕೆಲವು ರಿಯಲ್‌ಟೆಕ್, ಬ್ರಾಡ್‌ಕಾಂ ಚಿಪ್‌ಗಳಿಗೆ ಡ್ರೈವರ್ ಆಮೇಲೆ ಹಾಕಬೇಕಾಗಬಹುದು. ಆಗ ಫೋನ್‌ಗೆ ಯುಎಸ್‌ಬಿ ಕೇಬಲ್ ಸಿಕ್ಕಿಸಿ ಟೆಥರಿಂಗ್ ಆನ್ ಮಾಡಿದ್ರೆ ಲಿನಕ್ಸ್ ಸಾಮಾನ್ಯವಾಗಿ ಅದನ್ನ ನೇರವಾಗಿ ಇಂಟರ್ನೆಟ್ ಅಂತ ತಗೊಳ್ಳುತ್ತೆ.

ಶಬ್ದ, ಕ್ಯಾಮೆರಾ, ಟಚ್‌ಪ್ಯಾಡ್: ಒಂದು ವಿಡಿಯೋ ಹಾಕಿ, ಸ್ಪೀಕರ್ ಮತ್ತು ಹೆಡ್‌ಫೋನ್ ಎರಡರಲ್ಲೂ ಕೇಳಿ. ಅಗ್ಗದ ಯಂತ್ರಗಳಲ್ಲಿ ವೈಫೈ ಬಿಟ್ರೆ ಹೆಚ್ಚು ಕಾಡೋದು ಸೌಂಡ್.

ನಿದ್ದೆ: ಮುಚ್ಚಳ ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೀರಿ. ಎಚ್ಚರ ಆಗದೆ ಇದ್ರೆ ಕಾಲೇಜ್ ಬ್ಯಾಗಲ್ಲಿ ಆ ಯಂತ್ರ ದಿನಾ ಗೋಳು ಕೊಡುತ್ತೆ.

ಬ್ಯಾಟರಿ: ಪವರ್ ಮ್ಯಾನೇಜರ್ ಒಳಗೆ ಬ್ಯಾಟರಿ ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತೆ ಅನ್ನೋ ಎರಡು ಸಂಖ್ಯೆ ಕಾಣುತ್ತೆ. ಈಗಿನದ್ದು ಅರ್ಧಕ್ಕಿಂತ ಕಡಿಮೆ ಇದ್ರೆ ಹೊಸ ಬ್ಯಾಟರಿಯ ಬೆಲೆಯನ್ನ ಚೌಕಾಶಿಗೆ ಸೇರಿಸಿ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡ್ರೆ ಒಳಗೆ ಬ್ಯಾಟರಿ ಊದಿರಬಹುದು, ಆ ಯಂತ್ರ ಬಿಟ್ಟುಬಿಡಿ.

ಸ್ಟೋರೇಜ್: ಎಸ್‌ಎಸ್‌ಡಿ ಇದ್ರೆ ಡಿಸ್ಕ್ಸ್ ಅನ್ನೋ ಆಪ್‌ನಲ್ಲಿ ಅದರ ಆರೋಗ್ಯ ನೋಡಬಹುದು. ಇಎಂಎಂಸಿ ಇದ್ರೆ ಎಂಎಂಸಿ ಯುಟಿಲ್ಸ್ ಅನ್ನೋ ಪ್ಯಾಕೇಜ್ ಬೇಕು. ಚಿಪ್ ತನ್ನ ಸವೆತವನ್ನ 1ರಿಂದ 11ರವರೆಗಿನ ಅಂಕಿಯಲ್ಲಿ ಹೇಳುತ್ತೆ. 1 ಅಂದ್ರೆ ಆಯಸ್ಸಿನ ಶೇ 10ರ ಒಳಗೆ ಬಳಕೆ ಆಗಿದೆ ಅಂತ, 11 ಅಂದ್ರೆ ಅಂದಾಜು ಆಯಸ್ಸು ಮುಗಿದಿದೆ ಅಂತ. ಸೆಕೆಂಡ್ ಹ್ಯಾಂಡ್‌ನಲ್ಲಿ 5 ದಾಟಿದ್ರೆ ನಾನಂತೂ ಕೈ ಹಾಕಲ್ಲ.

ಇದಕ್ಕೆ ಒಪ್ಪದ ಅಂಗಡಿಯಿಂದ ಹೊರಗೆ ಬನ್ನಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.

ಲಿನಕ್ಸ್ ಬೇಡ ಅನ್ನಬೇಕಾದವರು

ಬಿ.ಕಾಂ. ಓದ್ತಾ ಟ್ಯಾಲಿ ಕಲೀಬೇಕಾದವರು, ಸಿವಿಲ್ ಡಿಪ್ಲೊಮಾದಲ್ಲಿ ಆಟೋಕ್ಯಾಡ್ ಬೇಕಾದವರು, ಫೋಟೋಶಾಪ್‌ನಲ್ಲೇ ಕೆಲಸ ಮಾಡೋರು ಕೇಳಿ. ಇವೆಲ್ಲಾ ಲಿನಕ್ಸ್‌ಗೆ ಅಂತ ಬರೋ ತಂತ್ರಾಂಶಗಳಲ್ಲ. ಏನೋ ಸರ್ಕಸ್ ಮಾಡಿ ಕೆಲವನ್ನ ಓಡಿಸಬಹುದು, ಪರೀಕ್ಷೆ ಹಿಂದಿನ ದಿನ ಆ ಸರ್ಕಸ್ ಬೇಡ. ಆನ್‌ಲೈನ್ ಪರೀಕ್ಷೆಗೆ ವಿಂಡೋಸ್‌ನ ಲಾಕ್ ಮಾಡೋ ಬ್ರೌಸರ್ ಕಡ್ಡಾಯ ಇದೆಯಾ ಅಂತಲೂ ಕಾಲೇಜಲ್ಲಿ ಮೊದಲೇ ಕೇಳಿ.

ಕನ್ನಡದ ಬಗ್ಗೆ ಭಯ ಬೇಡ. ಐಬಸ್ ಮತ್ತು ಎಂ17ಎನ್ ಅನ್ನೋ ಪ್ಯಾಕೇಜ್ ಹಾಕಿದ್ರೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ, ಅಂದ್ರೆ ನುಡಿಯಲ್ಲಿ ಟೈಪ್ ಮಾಡೋರಿಗೆ ಕೈಗೆ ಕೂತಿರೋದು, ಮತ್ತು ಇನ್‌ಸ್ಕ್ರಿಪ್ಟ್ ಎರಡೂ ಸಿಗುತ್ತೆ. ಗುಬ್ಬಿ, ನವಿಲು ಅನ್ನೋ ಚೆಂದದ ಕನ್ನಡ ಫಾಂಟ್‌ಗಳು ಡೆಬಿಯನ್‌ನಲ್ಲೇ ಇವೆ. ತೊಡಕು ಇರೋದು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಫೈಲ್‌ಗಳಲ್ಲಿ ಮಾತ್ರ. ಅವನ್ನ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ಹಾಗಾದ್ರೆ ದುಡ್ಡು ಎಲ್ಲಿ ಹಾಕೋದು?

ನನ್ನ ಅಭಿಪ್ರಾಯ ಸ್ಪಷ್ಟ. ಅದೇ ಬಜೆಟ್‌ನಲ್ಲಿ, ಎಲ್ಲಾ ಬೆಸುಗೆ ಹಾಕಿರೋ ಹೊಸ ಯಂತ್ರಕ್ಕಿಂತ, ಕಂಪನಿಗಳು ಬಳಸಿ ಬಿಟ್ಟ 12 ಇಂಚಿನ ಬಿಸಿನೆಸ್ ಲ್ಯಾಪ್‌ಟಾಪ್ ಮೇಲು. ಥಿಂಕ್‌ಪ್ಯಾಡ್ ಎಕ್ಸ್260, ಡೆಲ್ ಲ್ಯಾಟಿಟ್ಯೂಡ್ ಇ7270, ಎಚ್‌ಪಿ ಎಲೀಟ್‌ಬುಕ್ 820 ಜಿ3 ಇಂಥವು. ಮೂರರಲ್ಲೂ ರ‍್ಯಾಮ್ ಸ್ಲಾಟ್‌ನಲ್ಲಿದೆ, ಎಸ್‌ಎಸ್‌ಡಿ ಬದಲಾಯಿಸಬಹುದು. ಬಿಚ್ಚೋದು ಹೇಗೆ ಅನ್ನೋ ಕೈಪಿಡಿಯನ್ನ ಕಂಪನಿಗಳೇ ವೆಬ್‌ಸೈಟ್‌ನಲ್ಲಿ ಇಟ್ಟಿವೆ. ಆರನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11ರ ಪಟ್ಟಿಯಲ್ಲಿ ಇವೂ ಇಲ್ಲ, ಹಾಗಾಗಿ ಲಿನಕ್ಸ್ ಬಳಸೋರಿಗೆ ಇದು ಲಾಭದ ಕಾಲ. ಬ್ಯಾಟರಿ ಹಳೆಯದಿರುತ್ತೆ, ಅದಕ್ಕೆ ಬೇರೆ ದುಡ್ಡು ಎತ್ತಿಡಿ.

ಹೊಸದೇ ಬೇಕು, ಹಗುರ ಇರಬೇಕು, ವಾರಂಟಿ ಬೇಕು ಅಂದ್ರೆ ತಪ್ಪಿಲ್ಲ. ಆಗ ಮೂರು ಮಾತು ನೆನಪಿಡಿ: ರ‍್ಯಾಮ್ 4 ಜಿಬಿಗೆ ಕಡಿಮೆ ಬೇಡ, ಸಾಧ್ಯ ಆದ್ರೆ 8. ಇಎಂಎಂಸಿ ಇದ್ರೂ ಪಕ್ಕದಲ್ಲಿ ಎಸ್‌ಎಸ್‌ಡಿಗೆ ಖಾಲಿ ಎಂ.2 ಸ್ಲಾಟ್ ಇದೆಯಾ ಅಂತ ಕೇಳಿ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿ ಇರಲಿ. ಕೊಂಡ ಮೇಲೆ ನೋಟ್ಸು, ಪ್ರಾಜೆಕ್ಟ್ ಫೈಲ್‌ಗಳ ಇನ್ನೊಂದು ಪ್ರತಿಯನ್ನ ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೋ ಕ್ಲೌಡ್‌ಗೋ ಹಾಕ್ತಾ ಇರಿ. ಇಎಂಎಂಸಿ ಎಷ್ಟೋ ಸಲ ಮುನ್ಸೂಚನೆ ಕೊಡದೆ ಹೋಗುತ್ತೆ.

ನೀವು ನೋಡ್ತಿರೋ ಲ್ಯಾಪ್‌ಟಾಪ್‌ನ ಪ್ರೊಸೆಸರ್, ರ‍್ಯಾಮ್, ಸ್ಟೋರೇಜ್ ಈ ಮೂರನ್ನ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆದಷ್ಟು ಪ್ರಶ್ನೆಗಳನ್ನ ತಗೊಳ್ತೀನಿ. ಅಲ್ಲಿವರೆಗೆ, ಪೆನ್‌ಡ್ರೈವ್ ಜೇಬಲ್ಲಿ ಇರಲಿ.